ಬಟರ್‌ಸ್ಕಾಚಿನ ಪಾಕ

ಹೂವಪ್ಪ ಸುಳ್ಳುಗಾರನೆಂದು ಅವನ ಹೆಂಡತಿಯೂ ಹೇಳಿದ್ದಿಲ್ಲ. ಸುಳ್ಳುಗಾರನಾಗಲು ಹೇಳಿದ್ದನ್ನು ನೆನಪಿಟ್ಟುಕೊಳ್ಳುವ ಶಕ್ತಿ ಬೇಕು. ಹೂವಪ್ಪ ಸಾಗರದ ಸಂತೆಗೆ ಚೀಲ ಮರೆತು ಹೋಗಿ, ಅಲ್ಲಿ ಕೊಂಡ ಹೊಸ ಚೀಲವನ್ನು ಬಸ್ಸಿನಲ್ಲಿ ಬಿಟ್ಟು ಬರುವಂಥ ಮನುಷ್ಯ. ಆದರೆ ಎದುರಿಗಿದ್ದವರು ತಮ್ಮ ಮನೆಯ ದೊಡ್ಡಸ್ತಿಕೆ ಹೇಳತೊಡಗಿದರೆ ಮಾತ್ರ ಅವನ ನಾಲಿಗೆ ತಾನಾಗಿ ಎದ್ದು ನಿಂತು 'ನಮ್ಮಲ್ಲೂ' ಎಂದುಬಿಡುತ್ತಿತ್ತು. ನಾಲಿಗೆ ಆಡಿದ್ದನ್ನು ನಿಜ ಮಾಡುವ ಕೆಲಸ ಆಮೇಲೆ ಅವನ ಮಿಕ್ಕ ಅಂಗಾಂಗಗಳ ಪಾಲಿಗೂ ಹೆಂಡತಿ ಶೇಷಮ್ಮನ ಪಾಲಿಗೂ ಬರುತ್ತಿತ್ತು.

ಈ ಸಲ ಅದು ಎದ್ದು ನಿಂತದ್ದು ತೀರ್ಥಹಳ್ಳಿಯಲ್ಲಿ, ಅದೂ ಮಗಳ ಸಂಬಂಧದ ಮಾತಿಗೆಂದು ಹೋದ ಮನೆಯಲ್ಲಿ.

ಮಗಳು ಪುಷ್ಪ ಹಿಂದಿನ ವರ್ಷ ತೀರ್ಥಹಳ್ಳಿ ಹತ್ತಿರದ ಮೇಳಿಗೆ ಊರಿನ ಒಂದು ಮದುವೆಯಲ್ಲಿ ನಾಗರಾಜನೆಂಬ ಹುಡುಗನನ್ನು ಕಂಡಿದ್ದಳು. ಕರೆಂಟ್ ಆಫೀಸಿನ ನೌಕರ, ನಾಲ್ಕು ಜನರ ನಡುವೆ ಇದ್ದರೂ ಇಲ್ಲದವನಂತಿರುವ ಹುಡುಗ. ಅವನೂ ಇವಳನ್ನು ಕಂಡಿದ್ದ. ಅವನು ಬಡಿಸಿದ ಪಂಕ್ತಿಯಲ್ಲಿ ಹೋಳಿಗೆ ಮಗಳ ಎಲೆಗೆ ಮಾತ್ರ ಮತ್ತೆ ಮತ್ತೆ ಬಂದದ್ದನ್ನು ಶೇಷಮ್ಮ ಎದುರು ಸಾಲಿನಲ್ಲಿ ಕುಳಿತು ಗಮನಿಸಿದ್ದಳು. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು. ಉಳಿದವರು ಹುಡುಗನ ಅಪ್ಪ ಮಂಜುನಾಥಪ್ಪನವರು ಒಬ್ಬರೇ. ಎಂದರೆ ಎಲ್ಲವೂ ಉಳಿದಿತ್ತು.

ಮಂಜುನಾಥಪ್ಪನವರು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ರೈಟರು. ದಿನವಿಡೀ ಮಿಲ್ಲಿನ ಸದ್ದಿನ ಮೇಲೆ ಮಾತಾಡಿ ಅವರಿಗೆ ಎರಡು ಅಭ್ಯಾಸ ಅಂಟಿದ್ದವು: ಗಟ್ಟಿಯಾಗಿ ಮಾತಾಡುವುದು, ಮತ್ತು ಎದುರಿನವರ ಉತ್ತರಕ್ಕೆ ಕಾಯದಿರುವುದು. ಅವರ ಹೆಂಡತಿ ಯಮುನಮ್ಮ ಕಾಫಿ ತಂದಿಟ್ಟು ಒಳಗೆ ಹೋದರು. ಅವರ ದನಿ ಹೇಗಿದೆಯೆಂಬುದು ಹೂವಪ್ಪನಿಗೆ ಆ ದಿನ ತಿಳಿಯಲಿಲ್ಲ.

ಕಾಫಿ ಮುಗಿದ ಮೇಲೆ ಮಂಜುನಾಥಪ್ಪನವರು ಗಾಜಿನ ಬೀರುವಿನ ಬೀಗ ತೆಗೆದು ಒಂದು ತಗಡಿನ ಡಬ್ಬ ಹೊರತಂದರು.

"ತಗೊಳ್ಳಿ ಹೂವಪ್ಪನೋರೆ. ಬಟರ್‌ಸ್ಕಾಚ್ ಅಂತ ಇದು. ಪೆಪ್ಪರಮಿಂಟು ಅಂತ ತಿಳ್ಕೋಬೇಡಿ ಮತ್ತೆ, ಪೆಪ್ಪರಮಿಂಟು ಮಕ್ಕಳಿಗೆ. ಇದನ್ನ ಬೆಂಗಳೂರಲ್ಲಿ ಆಫೀಸರುಗಳು ಊಟ ಆದ್ಮೇಲೆ ತಿಂತಾರೆ. ಕಚ್ಚಬಾರದು, ನಾಲಿಗೆ ಮೇಲಿಟ್ಟು ಸುಮ್ನಿರ್ಬೇಕು. ನಮ್ಮ ಷಡ್ಡಕ ಅಲ್ಲಿಂದ ಕಳಿಸ್ತಾನೆ. ನಿಮ್ಮ ಸಾಗರದ ಕಡೆ ಇದೆಲ್ಲ ಎಲ್ಲಿ ಸಿಗ್ಬೇಕು."

"ಸಿಗೂದಿಲ್ಲ," ಎಂದ ಹೂವಪ್ಪ. ಇಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯಿಲ್ಲ. "ಅದಕ್ಕೇ ನಾವು ಮನೇಲೇ ಮಾಡ್ಕೊಳ್ತೀವಿ."

ಮಂಜುನಾಥಪ್ಪನವರ ಮಾತು ಆ ದಿನ ಮೊದಲ ಸಲ ನಿಂತಿತು. ಒಳಗೆ ಯಾರದೋ ಕೈಯಿಂದ ಲೋಟ ಬಿದ್ದ ಸದ್ದಾಯಿತು.

"ಮನೇಲಿ?"

"ಹೌದು. ಆಲೆಮನೇಲಿ ಬೆಲ್ಲದ ಪಾಕ ನೋಡೋ ಕೈ ನಂದು. ಇದೆಂತ ಮಹಾ."

"ಹಂಗಾದ್ರೆ ಬರೋ ಭಾನುವಾರ ಹುಡುಗಿ ನೋಡೂಕೆ ಬರ್ತೀವಲ್ಲ, ಅವತ್ತು ಉಪ್ಪಿಟ್ಟು, ಕೇಸರಿಬಾತು ಎಂತದೂ ಬೇಡ. ನಿಮ್ಮನೆ ಬಟರ್‌ಸ್ಕಾಚೇ ಆಗ್ಲಿ. ನೋಡೇ ಬಿಡಾಣ."

ಆ 'ನೋಡೇ ಬಿಡಾಣ'ದಲ್ಲಿ ಹುಡುಗಿಯ ಪಾಲೆಷ್ಟು, ಬಟರ್‌ಸ್ಕಾಚಿನ ಪಾಲೆಷ್ಟು ಎಂದು ಹೂವಪ್ಪ ಬಸ್ಸಿನಲ್ಲಿ ಹೊಸನಗರದವರೆಗೂ ಯೋಚಿಸಿದ. ಹೊಸನಗರದಲ್ಲಿ ಇಳಿದು ಸೋಡಾ ಕುಡಿದು ಮತ್ತೆ ಯೋಚಿಸಿದ. ಸಾಗರ ಬರುವ ಹೊತ್ತಿಗೆ ಒಂದು ಸಮಾಧಾನ ಹೊಳೆದಿತ್ತು. ಮನೆಯಲ್ಲಿ ತೋರಿಸಲೆಂದು ಒಂದು ಬಟರ್‌ಸ್ಕಾಚನ್ನು ತಿನ್ನದೆ ಜೇಬಿಗೆ ಹಾಕಿಕೊಂಡಿದ್ದ.

ಹೂವಪ್ಪನ ಮನೆ ಸಾಗರದಿಂದ ವರದಹಳ್ಳಿಗೆ ಹೋಗುವ ರಸ್ತೆಯ ಬದಿಗಿತ್ತು. ಸುದ್ದಿ ಕೇಳಿ ಶೇಷಮ್ಮ ಬೈಯಲಿಲ್ಲ. ಬೈಗುಳವನ್ನು ಅವಳು ಕಷ್ಟಕಾಲಕ್ಕೆಂದು ಉಳಿಸಿಡುತ್ತಿದ್ದಳು. "ತೆಗೀರಿ ಹೊರಗೆ," ಎಂದಳು. ಜೇಬಿನಿಂದ ಬಂದದ್ದು ಮೈಶಾಖಕ್ಕೆ ಕರಗಿ, ಕಾಗದ, ಅಡಿಕೆ ಚೂರು, ಎಲ್ಲದರ ಜೊತೆಗೂ ಸಂಬಂಧ ಬೆಳೆಸಿದ ಒಂದು ಗಂಟು. ಶೇಷಮ್ಮ ಅಡಕತ್ತರಿಯಲ್ಲಿ ಒಂದು ಚೂರು ಕತ್ತರಿಸಿ ಬಾಯಿಗೆ ಹಾಕಿ ಕಣ್ಣು ಮುಚ್ಚಿದಳು.

"ಸಿಹಿ ಇದೆ. ಬೆಣ್ಣೆ ಇದೆ. ಇನ್ನೊಂದೆಂತದೋ ಇದೆ, ನಮ್ಮ ಕಡೆ ಸಾಮಾನಲ್ಲ."

"ಬೆಂಗಳೂರಿಂದಿರ್ಬೇಕು," ಎಂದ ಹೂವಪ್ಪ.

ಪುಷ್ಪ ಗಂಟನ್ನು ಬೆಳಕಿಗೆ ಹಿಡಿದು ನೋಡಿದಳು. "ಅಮ್ಮ, ಅದು ಬಸ್ ಟಿಕೀಟು."

ಶೇಷಮ್ಮ ಉಗುಳಿ ಬಂದು ಬಾಗಿಲಿಗೊರಗಿ ನಿಂತಳು. "ಮಾಡೂಕಾಗ್ದೆ ಹೋದ್ರೆ ಎಂತ ಅಂತಾರೆ ಗೊತ್ತಾ? ಹೆಣ್ಣಿನ ಅಪ್ಪ ಹೇಳಿದ ಮೊದಲನೇ ಮಾತೇ ಸುಳ್ಳು ಅಂತಾರೆ. ಅಂಥವರ ಮನೆ ಹೆಣ್ಣು ಬೇಡ ಅಂತಾರೆ."

ಪುಷ್ಪ ಒಳಗೆ ಹೋಗಿ ಮನೆಯಲ್ಲಿದ್ದ ಅತಿ ದೊಡ್ಡ ಬಾಣಲೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದಳು.

ಸಕ್ಕರೆ ಕಾರ್ಡಿಗಷ್ಟೇ ಸಿಗುವ ಕಂಟ್ರೋಲಿನ ಕಾಲ ಅದು. ಆದರೆ ಹೂವಪ್ಪನಲ್ಲಿ ತನ್ನದೇ ಕಬ್ಬಿನ ಬೆಲ್ಲವಿತ್ತು. ಇಲ್ಲದ್ದು ಬೆಣ್ಣೆ, ಮನೆಯ ಎಮ್ಮೆ ಗಬ್ಬವಾಗಿ ಹಾಲು ಬತ್ತಿಸಿತ್ತು. ಬೆಣ್ಣೆ ಇದ್ದದ್ದು ಪಕ್ಕದ ಮನೆಯ ಕೆರಿಯಮ್ಮನಲ್ಲಿ. ಅಲ್ಲೇ ತೊಡಕು. ಕೆರಿಯಮ್ಮನ ತಮ್ಮ ತಿಮ್ಮಣ್ಣ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರು. ಅಕ್ಕನ ಕಿವಿಗೆ ಬಿದ್ದದ್ದು ತಮ್ಮನ ಬಸ್ಸು ಹತ್ತಿದರೆ ಸಂಜೆಯೊಳಗೆ ರೈಸ್ ಮಿಲ್ಲಿನ ಬಾಗಿಲಲ್ಲಿ ಇಳಿಯುತ್ತಿತ್ತು. 'ಮನೇಲೇ ಮಾಡ್ಕೊಳ್ತೀವಿ' ಎಂದವರು ಹುಟ್ಟಿದಂದಿನಿಂದ ಇದೇ ಮೊದಲು ಮಾಡುತ್ತಿದ್ದಾರೆಂದು ಅಲ್ಲಿ ತಿಳಿಯಬಾರದು.

"ಇಷ್ಟು ಬೆಣ್ಣೆ ಎಂತಕ್ಕೆ ಹೂವಪ್ಪಣ್ಣ? ನೆಂಟ್ರು ಬತ್ತಾರಾ?" ಎಂದಳು ಕೆರಿಯಮ್ಮ.

"ಇಲ್ಲ ಮಾರಾಯ್ತಿ. ಔಷಧಿಗೆ."

"ಯಾವ ಔಷಧಿ?"

"ಹೆಸರು ಹೇಳಿದ್ರೆ ಗುಣ ಹೋಗ್ತದೆ."

ನಮ್ಮ ಕಡೆ ಇದಕ್ಕಿಂತ ಭದ್ರವಾದ ಬೀಗವಿಲ್ಲ. ನಾಟಿ ಔಷಧಿಯ ಹೆಸರು ಹೇಳಬಾರದು, ಕೇಳಬಾರದು, ಅರೆಯುವಾಗ ನೋಡಬಾರದು. ಪೊಲೀಸರ ಮುಂದೆ ಬಾಯಿ ಬಿಡುವವನೂ ಬೇರಿನ ಹೆಸರು ಬಿಡುವುದಿಲ್ಲ. ಕೆರಿಯಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಬೆಣ್ಣೆಯನ್ನು ಬಾಳೆಲೆಯಲ್ಲಿ ಸುತ್ತಿ ಕೊಟ್ಟಳು. ಔಷಧಿಗೆ ಕೊಟ್ಟದ್ದಕ್ಕೆ ದುಡ್ಡು ಮುಟ್ಟುವುದಿಲ್ಲವೆಂದಳು. ಹೂವಪ್ಪ ತನ್ನ ಜಾಣತನಕ್ಕೆ ತಾನೇ ತಲೆದೂಗುತ್ತ ಮನೆಗೆ ಬಂದ. ಔಷಧಿಯ ಹೆಸರು ಕೇಳಬಾರದು, ನಿಜ. ರೋಗಿಯ ಹೆಸರು ಊಹಿಸಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ.

ಮಾರನೆಯ ದಿನ ಹಗಲಿನಲ್ಲೇ ಬಾಗಿಲು ಹಾಕಿಕೊಂಡು ಒಲೆ ಹೊತ್ತಿಸಿದರು. ಹಗಲು ಬಾಗಿಲು ಹಾಕಿದ ಮನೆಗಿಂತ ಹೆಚ್ಚು ಜನ ನೋಡುವ ಮನೆ ಇನ್ನೊಂದಿಲ್ಲ. ಬೆಲ್ಲ ಕರಗಿ, ಬೆಣ್ಣೆ ಬಿದ್ದು, ಇಡೀ ರಸ್ತೆಗೆ ಹಬ್ಬದ ಪರಿಮಳ ಹಬ್ಬಿತು. ಹಿತ್ತಿಲ ಕಿಟಕಿಯ ಹೊರಗೆ ಬಳೆಯ ಸದ್ದಾಯಿತು.

"ಶೇಷಕ್ಕಾ, ಅರೆಯೂಕೆ ಕೈ ಬೇಕಾ? ನಾನು ನೋಡೂದಿಲ್ಲ, ಆಚೆ ಮುಖ ಮಾಡಿ ನಿಂತಿದೀನಿ. ಆದ್ರೂ ಎಂತೇ ಇದು, ಔಷಧಿ ಅಂದ್ರೆ ಇಷ್ಟು ಸಿಹಿ ವಾಸನೆ ಬತ್ತದಾ?"

ಹೂವಪ್ಪ ಗೋಡೆಯ ಗೂಡಿನಲ್ಲಿ ಕೈಗೆ ಸಿಕ್ಕಿದ ಡಬ್ಬಗಳನ್ನು ತೆಗೆದು, ಒಣಶುಂಠಿ ಪುಡಿಯೊಂದು ಹಿಡಿ, ಕಾಳುಮೆಣಸಿನ ಪುಡಿಯೊಂದು ಹಿಡಿ, ಬಾಣಲೆಗೆ ಸುರಿದುಬಿಟ್ಟ. ಶೇಷಮ್ಮ ತಡೆಯುವಷ್ಟರಲ್ಲಿ ಘಾಟು ಎದ್ದಿತು.

"ಹಾಂ, ಈಗ ಬಂತು ಔಷಧಿ ವಾಸನೆ," ಎಂದಳು ಕೆರಿಯಮ್ಮ, ಸಮಾಧಾನವಾಗಿ. "ಪಾಪ, ಯಾರಿಗೆ?"

ಒಳಗಿನಿಂದ ಉತ್ತರವಾಗಿ ಬಂದದ್ದು ಪುಷ್ಪಳ ಕೆಮ್ಮು. ಒಲೆಯ ಮುಂದೆ ಕುಳಿತಿದ್ದ ಹುಡುಗಿ, ಮೆಣಸಿನ ಘಾಟು ನೆತ್ತಿಗೇರಿ, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ ಕೆಮ್ಮಿದಳು, ಕೆಮ್ಮಿದಳು, ಕೆಮ್ಮುತ್ತಲೇ ಇದ್ದಳು. ಕಿಟಕಿಯ ಹೊರಗಿನ ಬಳೆಗಳು ಸದ್ದಿಲ್ಲದೆ ಮನೆಗೆ ಹೋದವು.

ಹೂವಪ್ಪ ಇದಾವುದನ್ನೂ ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಅವನು ಪಾಕ ನೋಡುತ್ತಿದ್ದ. ಆಲೆಮನೆಯಲ್ಲಿ ಮಾಡುವಂತೆ ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಎರಡು ಬೆರಳಲ್ಲಿ ಹೊರಳಿಸಿ, ಉಂಡೆ ಕಟ್ಟಿದೊಡನೆ ಗಂಭೀರವಾಗಿ ಹೇಳಿದ: "ಇಳಿಸು."

"ಅಪ್ಪ, ಅದು ಗಾಜಿನ ಹಂಗೆ ಗಟ್ಟಿ ಇತ್ತು. ಇದು ಮೆತ್ತಗಿದೆ. ಇನ್ನೂ ಸ್ವಲ್ಪ ಕುದೀಲಿ," ಎಂದಳು ಪುಷ್ಪ.

"ಇನ್ನು ಕುದಿಸಿದ್ರೆ ಪಾಕ ಹೋಗ್ತದೆ. ಹೂವಪ್ಪನ ಕೈಲಿ ಪಾಕ ಹೋಯ್ತು ಅಂದ್ರೆ ಬರೋ ವರ್ಷ ಯಾವ ಆಲೆಮನೆಗೆ ಮುಖ ತೋರಿಸ್ಲಿ?"

ಬೆಲ್ಲದ ಮಟ್ಟಿಗೆ ಅವನ ಮಾತು ಅಕ್ಷರಶಃ ಸರಿ. ಬಟರ್‌ಸ್ಕಾಚು ಬೆಲ್ಲವಲ್ಲವೆಂಬುದೊಂದೇ ತೊಂದರೆ. ತುಪ್ಪ ಸವರಿದ ತಟ್ಟೆಗೆ ಸುರಿದು, ಆರಿಸಿ, ಕತ್ತರಿಸಿದರು. ಕಂದು ಬಣ್ಣ, ಒಳ್ಳೆಯ ಹೊಳಪು, ಕಣ್ಣಿಗೆ ತೀರ್ಥಹಳ್ಳಿಯದೇ. ರುಚಿ ನೋಡಲೆಂದು ಹೂವಪ್ಪ ಒಂದನ್ನು ಬಾಯಿಗೆ ಹಾಕಿ ಕಚ್ಚಿದ. ಆಮೇಲೆ ಬಹಳ ಹೊತ್ತು ಕಂಬಕ್ಕೊರಗಿ ಮಾತಿಲ್ಲದೆ ಕುಳಿತಿದ್ದ. ಗಂಡನಿಗೆ ಕೊನೆಗೂ ಪಶ್ಚಾತ್ತಾಪವಾಯಿತೆಂದು ಶೇಷಮ್ಮನಿಗೆ ಸಂತೋಷವಾಯಿತು. ಅವನ ಹಲ್ಲು ಅಂಟಿಕೊಂಡಿವೆಯೆಂದು ತಿಳಿದದ್ದು ಬಿಸಿನೀರು ಕೇಳಲು ಅವನು ಗೋಡೆಯ ಮೇಲೆ ಚಿತ್ರ ಬರೆಯತೊಡಗಿದ ಮೇಲೆ.

ಇನ್ನೊಮ್ಮೆ ಮಾಡೋಣವೆಂದರೆ ಬೆಣ್ಣೆಯಿರಲಿಲ್ಲ. ಮತ್ತೆ ಕೇಳಿದರೆ ರೋಗ ಉಲ್ಬಣಿಸಿತೆಂದು ಕೆರಿಯಮ್ಮ ತಿಳಿಯುತ್ತಾಳೆ. "ಇನ್ನೆರಡು ದಿನ ಇದೆ, ಗಟ್ಟಿಯಾಗ್ತದೆ," ಎಂದು ಹೂವಪ್ಪ ಬಾಯಿ ಬಿಟ್ಟುಕೊಂಡ ಕೂಡಲೇ ತೀರ್ಪು ಕೊಟ್ಟ.

ಮರುದಿನ ಬೆಳಿಗ್ಗೆ ಮಲೇರಿಯಾದ ವಾಸಪ್ಪ ಬಂದ. ಊರೂರು ಸುತ್ತಿ, ಜ್ವರ ಬಂದವರ ಬೆರಳು ಚುಚ್ಚಿ ರಕ್ತ ತೆಗೆಯುವ ಸರ್ಕಾರದ ಮನುಷ್ಯ. ಅವನ ಹಿಂದೆ ಕೆರಿಯಮ್ಮನ ಗಂಡ ದುಗ್ಗಪ್ಪ ಸಾಕ್ಷಿಯಂತೆ ನಿಂತಿದ್ದ.

"ರೋಗಿ ಯಾರು?" ಎಂದ ವಾಸಪ್ಪ.

"ಯಾರೂ ಇಲ್ಲ."

"ರೋಗಿ ಇಲ್ದೆ ಔಷಧಿ ಮಾಡ್ತೀರಾ?"

"ಮುಂದೆ ಬಂದ್ರೆ ಇರ್ಲಿ ಅಂತ," ಎಂದ ಹೂವಪ್ಪ.

ದುಗ್ಗಪ್ಪ ನಡುವೆ ಬಾಯಿ ಹಾಕಿದ. "ಹೇಳಿಬಿಡು ಹೂವಪ್ಪ, ಮುಚ್ಚಿಡಬೇಡ. ಮಗಳು ಕೆಮ್ಮೂದು ಊರಿಗೇ ಕೇಳ್ತದೆ. ನಮ್ಮತ್ತೆಗೂ ಮೊದಲು ಹಿಂಗೇ ಆಗಿತ್ತು."

"ಎಂತಾಯ್ತು ನಿಮ್ಮತ್ತೆಗೆ?" ಎಂದಳು ಒಳಗಿನಿಂದ ಶೇಷಮ್ಮ.

"ಎಂತದೂ ಆಗ್ಲಿಲ್ಲ, ಇನ್ನೂ ಇದಾರೆ. ಆದ್ರೆ ಮೊದಲು ಹಿಂಗೇ ಆಗಿತ್ತು."

ವಾಸಪ್ಪ ರಕ್ತ ಸವರುವ ಗಾಜಿನ ಪಟ್ಟಿಯನ್ನು ಒರೆಸಿಕೊಂಡ. "ಬಂದ ಮೇಲೆ ಬರಿಗೈಲಿ ಹೋಗೋ ಹಂಗಿಲ್ಲ ನಾನು. ಯಾರದ್ದಾದ್ರೂ ಸರಿ, ಒಂದು ಬೆರಳು ಕೊಡಿ."

ಮಗಳ ಬೆರಳಿಗೆ ಬದಲಾಗಿ ಹೂವಪ್ಪ ತನ್ನದನ್ನು ಕೊಟ್ಟ. ಹೋಗುವಾಗ ವಾಸಪ್ಪ ತಾನು ಬಂದು ಹೋದ ಗುರುತಿಗೆ ಬಾಗಿಲ ಪಕ್ಕದ ಸುಣ್ಣದ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡ ಅಕ್ಷರಗಳನ್ನೂ ತಾರೀಖನ್ನೂ ಬರೆದ.

"ಇದನ್ನ ಅಳಿಸಬೌದಾ?" ಎಂದ ಹೂವಪ್ಪ.

"ಸರ್ಕಾರದ ಬರಹ. ಮಳೆ ಅಳಿಸಬೌದು. ನೀವು ಅಳಿಸಂಗಿಲ್ಲ."

ಆ ದಿನದ ಬಸ್ಸಿನಲ್ಲಿ ಸುದ್ದಿ ಟಿಕೀಟಿಲ್ಲದೆ ಪ್ರಯಾಣ ಮಾಡಿತು. ಸಾಗರದಲ್ಲಿ ಹತ್ತುವಾಗ ಅದು ಹೂವಪ್ಪನ ಮಗಳಿಗೆ ಸ್ವಲ್ಪ ಕೆಮ್ಮು ಎಂದಷ್ಟೇ ಇತ್ತು. ಹೊಸನಗರದಲ್ಲಿ ಕಾಫಿ ಕುಡಿದು ಹೊರಡುವಾಗ ಹುಡುಗಿ ಹಾಸಿಗೆ ಹಿಡಿದಿದ್ದಳು. ತೀರ್ಥಹಳ್ಳಿಯಲ್ಲಿ ಇಳಿಯುವ ಹೊತ್ತಿಗೆ, ಸರ್ಕಾರದವರು ಬಂದು ಮನೆಗೆ ಕೆಂಪು ಬಣ್ಣದಲ್ಲಿ ಮೊಹರು ಹಾಕಿ ಹೋಗಿದ್ದರು. ಬಟರ್‌ಸ್ಕಾಚಿನ ವಿಷಯ ಮಾತ್ರ ಯಾರಿಗೂ ತಿಳಿಯಲಿಲ್ಲ. ಆ ಮಟ್ಟಿಗೆ ಹೂವಪ್ಪನ ಗುಟ್ಟು ಉಳಿಯಿತು.

ಭಾನುವಾರ ಮಂಜುನಾಥಪ್ಪನವರು ಹೆಂಡತಿ ಮಗನೊಡನೆ ಬಂದರು. ಮಾತು ಕೂಡಿ ಬಂದರೆ ತಾಂಬೂಲ ಕೊಡಲು ಹೆಣ್ಣಿನ ಕಡೆಯ ಹಿರಿಯರು ಬೇಕಲ್ಲ, ದುಗ್ಗಪ್ಪನೂ ಕೆರಿಯಮ್ಮನೂ ಮೊದಲೇ ಬಂದು ಕುಳಿತಿದ್ದರು. ಮಂಜುನಾಥಪ್ಪನವರು ಅಂಗಳದಲ್ಲಿ ನಿಂತು ಗೋಡೆಯ ಬರಹವನ್ನು ಓದಿ, ಜಗಲಿಯ ತೀರಾ ಅಂಚಿನಲ್ಲಿ ಕುಳಿತರು. ಕೊಟ್ಟ ನೀರಿನ ಚೊಂಬನ್ನು ಮುಟ್ಟದವರಂತೆ ದೂರ ಸರಿಸಿದರು.

"ಹೂವಪ್ಪನೋರೆ, ನಾನು ನೇರ ಮಾತಿನ ಮನುಷ್ಯ. ಬರ್ತೀವಿ ಅಂದಿದ್ವಿ, ಬಂದಿದೀವಿ. ಮಾತಿಗೆ ತಪ್ಪೋ ಮನೆಯಲ್ಲ ನಮ್ದು. ಆದ್ರೆ ಹೆಣ್ಣಿಗೆ ಸೀಕಿದ್ರೆ ಸೀಕಿದೆ ಅನ್ಬೇಕು. ಬಾಗಿಲು ಹಾಕ್ಕೊಂಡು ಔಷಧಿ ಅರೆಯೂದು, ಊರಿಗೆ ಹೇಳ್ದೆ ಇರೂದು, ಇದೆಲ್ಲ ಎಂತ?"

"ಬೀಗ್ರೇ, ಅದು..."

"ಬೀಗ್ರು ಅಂತ ಈಗ್ಲೇ ಅನ್ಬೇಡಿ. ನಮ್ಮ ಮಿಲ್ಲಿನ ಮುಕುಂದಯ್ಯನ ಅಣ್ಣನ ಮಗನಿಗೂ ಹಿಂಗೇ ಮಾಡಿದ್ರು. ಮದುವೆ ಆದ್ಮೇಲೆ ಗೊತ್ತಾಗಿದ್ದು, ಹುಡುಗಿಗೆ ಒಂದು ಕಿವಿ ಕೇಳೂದಿಲ್ಲ ಅಂತ..."

ಪುಷ್ಪ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಮಂಜುನಾಥಪ್ಪನವರು ಕುಳಿತಲ್ಲೇ ಒಂದು ಗೇಣು ಹಿಂದೆ ಸರಿದರು. "ಹುಡುಗಿ ಅಲ್ಲೇ ಇರ್ಲಿ." ಪುಷ್ಪ ಹೊಸ್ತಿಲಲ್ಲೇ ನಿಂತಳು. ನಾಗರಾಜ ತಲೆ ತಗ್ಗಿಸಿ ತನ್ನ ಚಪ್ಪಲಿಯನ್ನು ನೋಡತೊಡಗಿದ.

ಮಗಳು ಸೆರಗಿನಿಂದ ತಟ್ಟೆ ಮುಚ್ಚಿದ್ದನ್ನು ಹೂವಪ್ಪ ಕಂಡ. ಜಂಬದ ಆಸೆ ಅವನಿಗೆ ಆಗ ಸಂಪೂರ್ಣವಾಗಿ ಹೋಯಿತು. ತಟ್ಟೆಯನ್ನು ತಾನೇ ತೆಗೆದುಕೊಂಡು ಹೋಗಿ ಮಂಜುನಾಥಪ್ಪನವರ ಮೂಗಿನ ಕೆಳಗೆ ಹಿಡಿದ.

"ಇದೇ ಔಷಧಿ."

"ಇದಾ?"

"ಇದೇ ಬಟರ್‌ಸ್ಕಾಚು. ಇದೇ ಔಷಧಿ. ಬೇರೆ ಎಂತ ಔಷಧಿನೂ ಈ ಮನೇಲಿಲ್ಲ."

ಮಂಜುನಾಥಪ್ಪನವರು ನಕ್ಕರು. "ನಂಗೆ ಹೇಳ್ತೀರಾ? ಬಟರ್‌ಸ್ಕಾಚಿನ ರುಚಿ ನಾನು ಕಾಣದ್ದಲ್ಲ. ಕೊಡಿ ಇತ್ಲಾಗೆ. ಬೇರು ನಾರು ಎಂತದಾದ್ರೂ ಸಿಕ್ತೋ, ಈ ಮಾತು ಇಲ್ಲಿಗೆ ಮುಗೀತು." ಹಾಗೆಂದು ಎರಡನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡರು. ಕಚ್ಚಬಾರದು, ನಾಲಿಗೆ ಮೇಲಿಟ್ಟು ಸುಮ್ಮನಿರಬೇಕು ಎಂಬ ಆಫೀಸರುಗಳ ಕ್ರಮವನ್ನು ಮರೆತು, ಮೇಲಿನ ಹಲ್ಲು ಕೆಳಗಿನ ಹಲ್ಲು ಎರಡನ್ನೂ ಪೂರ್ತಿಯಾಗಿ ಇಳಿಸಿ ಕಚ್ಚಿದರು.

ಇಳಿದ ಹಲ್ಲು ಮತ್ತೆ ಮೇಲೇಳಲಿಲ್ಲ. ಅಂಗಳದ ಕೋಳಿ ಕೆದಕುವುದು ಕೇಳಿಸಿತು. ಮಿಲ್ಲು ಇದ್ದಕ್ಕಿದ್ದಂತೆ ನಿಂತಾಗ ಪೇಟೆಯವರು ತಲೆಯೆತ್ತುವಂತೆ ಯಮುನಮ್ಮ ತಲೆಯೆತ್ತಿದರು. ಗಂಡನ ಮುಖವನ್ನು ಒಂದು ಕಡೆಯಿಂದ ನೋಡಿ, ಇನ್ನೊಂದು ಕಡೆಯಿಂದಲೂ ನೋಡಿ, ಇದು ಸದ್ಯಕ್ಕೆ ಬಿಡುವ ಸಂಗತಿಯಲ್ಲವೆಂದು ಖಚಿತಪಡಿಸಿಕೊಂಡು,

"ಶೇಷಮ್ಮ, ನಿಜ ಎಂತದು ಹೇಳಿ," ಎಂದರು. ಮೆಲುವಾದ, ಆದರೆ ಒಳ್ಳೆಯ ತೂಕದ ದನಿ.

ಶೇಷಮ್ಮ ಹೇಳಿದಳು. ಉಳಿಸಿಟ್ಟಿದ್ದ ಬೈಗುಳವನ್ನೂ ನಡುನಡುವೆ ಖರ್ಚು ಮಾಡುತ್ತ, ಬಸ್ ಟಿಕೀಟಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು.

"ಮತ್ತೆ ಹುಡುಗಿ ಕೆಮ್ಮಿದ್ದು?"

"ಮೆಣಸಿನ ಘಾಟಿಗೆ."

"ಆ ಗೋಡೆ ಮೇಲಿನ ಬರಹ?"

ಹೂವಪ್ಪ ತನ್ನ ಬೆರಳನ್ನು ಎತ್ತಿ ತೋರಿಸಿದ. ಕೆರಿಯಮ್ಮ ಸೂರಿನ ಕಡೆ ನೋಡಿದಳು.

ಯಮುನಮ್ಮ ಒಂದು ತುಂಡು ತೆಗೆದು ನಾಲಿಗೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆ ಡಬ್ಬದ ಬೀಗದ ಕೈ ಇವರ ಉಡಿದಾರದಲ್ಲಿರ್ತದೆ. ಬಂದೋರಿಗೆಲ್ಲ ಕೊಡ್ತಾರೆ. ಇದರ ರುಚಿ ಹಿಂಗಿರ್ತದೆ ಅಂತ ನಂಗೆ ಇವತ್ತು ಗೊತ್ತಾಯ್ತು." ಪುಷ್ಪಳನ್ನು ಕೈಹಿಡಿದು ಹತ್ತಿರ ಕೂರಿಸಿಕೊಂಡರು. "ಎಂತ ಹೇಳ್ತೀಯೋ ನಾಗರಾಜ?"

"ಮೇಳಿಗೆಯಿಂದ ಬಂದ ದಿನವೇ ಹೇಳಿದ್ನಲ್ಲ ಅಮ್ಮ."

"ಹೇಳಿದ್ದೆ. ನಿಮ್ಮಪ್ಪನ ಹತ್ರ ಹೇಳೂಕೆ ನಂಗೆ ಸಂದು ಸಿಗ್ಲಿಲ್ಲ."

ಇಷ್ಟು ಹೊತ್ತೂ ಮಂಜುನಾಥಪ್ಪನವರು ದವಡೆಗೂ ಪಾಕಕ್ಕೂ ನಡೆದ ಯುದ್ಧದಲ್ಲಿ ತೊಡಗಿದ್ದರು. ಈಗ ಮುಖ ಕೆಂಪಾಗಿ, ನೀರಿನ ಚೊಂಬಿಗಾಗಿ ಎರಡೂ ಕೈಗಳನ್ನು ಬೊಗಸೆ ಮಾಡಿ ಮುಂದಕ್ಕೆ ಒಡ್ಡಿದರು.

ದುಗ್ಗಪ್ಪ ಇಂಥದ್ದಕ್ಕೇ ಕಾದಿದ್ದ. "ಓಹೋ, ಬೀಗ್ರೇ ಕೈಯೊಡ್ಡಿದ್ರು. ಇನ್ನೆಂತಕ್ಕೆ ತಡ?" ಎಂದು, ಸಿದ್ಧವಾಗಿಟ್ಟಿದ್ದ ಎಲೆ, ಅಡಿಕೆ, ತೆಂಗಿನಕಾಯಿಯನ್ನು ಆ ಬೊಗಸೆಯೊಳಗೆ ಇಟ್ಟುಬಿಟ್ಟ. ನಾಲ್ಕು ಜನರೆದುರು ಎರಡೂ ಕೈಯಲ್ಲಿ ತಗೊಂಡ ತಾಂಬೂಲವನ್ನು ತಿರುಗಿ ಕೊಟ್ಟವರು ನಮ್ಮ ಮೂರು ತಾಲ್ಲೂಕಿನಲ್ಲಿ ಯಾರೂ ಇಲ್ಲ.

ಬಿಸಿನೀರು ಬಂತು. ಮಂಜುನಾಥಪ್ಪನವರು ಕುಡಿದರು, ಮುಕ್ಕಳಿಸಿದರು, ಕೊನೆಗೆ ಬಾಯಿ ತೆರೆದರು. ಮಡಿಲಿನ ತೆಂಗಿನಕಾಯಿಯನ್ನು ನೋಡಿದರು, ಮಗನನ್ನು ನೋಡಿದರು. ಹೆಂಡತಿಯನ್ನು, ಇವರು ಯಾರೆಂಬಂತೆ, ಬಹಳ ಹೊತ್ತು ನೋಡಿದರು.

"ಪಾಕ ಸ್ವಲ್ಪ ಎಳಸು," ಎಂದರು. "ಆದ್ರೂ ರುಚಿ ಅದೇ. ಶುಂಠಿ ಮೆಣಸು ಹಾಕ್ಬೇಕು ಅಂತ ಬೆಂಗಳೂರಿನೋರಿಗೆ ಗೊತ್ತಿಲ್ಲ. ಗೊತ್ತಿದ್ರೆ ಅವರೂ ಹಾಕೋರು."

ಸಂಜೆ ಬಸ್ಸಿಗೆ ಬಿಡಲು ಹೂವಪ್ಪ, ಶೇಷಮ್ಮ ಇಬ್ಬರೂ ಸಾಗರದ ಸ್ಟ್ಯಾಂಡಿಗೆ ಹೋದರು. ಹೊರಡುವ ಮುಂಚೆ ಯಮುನಮ್ಮ ತಟ್ಟೆಯಲ್ಲಿ ಮಿಕ್ಕಿದ್ದರಲ್ಲಿ ಅರ್ಧವನ್ನು ತಮ್ಮ ಸೆರಗಿಗೆ ಕಟ್ಟಿಕೊಂಡಿದ್ದರು. "ದಾರಿ ದೂರ ಇದೆ," ಎಂದಷ್ಟೇ ಹೇಳಿದ್ದರು. ಇನ್ನರ್ಧವನ್ನು ಶೇಷಮ್ಮ ತನ್ನ ಸೆರಗಿಗೆ ಕಟ್ಟಿಕೊಂಡಿದ್ದಳು.

ಮಂಜುನಾಥಪ್ಪನವರು ಕಿಟಕಿಯಿಂದ ತಲೆ ಹೊರಹಾಕಿದರು. "ಲಗ್ನದ ದಿನ ಗೊತ್ತು ಮಾಡೂಕೆ ನೀವು ಬರ್ಬೇಕಲ್ಲ ಬೀಗ್ರೇ, ಅವತ್ತು ಕೇಕು ತರಿಸ್ತೀನಿ. ಕೇಕು ಅಂದ್ರೆ ಬ್ರೆಡ್ಡು ಅಂತ ತಿಳ್ಕೋಬೇಡಿ ಮತ್ತೆ. ನಿಮ್ಮ ಕಡೆ ಅದೆಲ್ಲ ಎಲ್ಲಿ..."

ಹೂವಪ್ಪನ ನಾಲಿಗೆ ಎದ್ದು ನಿಂತಿತು. "ಕೇಕಾ? ಅದನ್ನ ನಮ್ಮನೇಲಿ..."

ಶೇಷಮ್ಮ ಸೆರಗಿನ ಗಂಟು ಬಿಚ್ಚಿ, ಒಂದು ತುಂಡನ್ನು ಅವನ ಬಾಯಿಗಿಟ್ಟು, ಗಲ್ಲವನ್ನು ಮೆಲ್ಲಗೆ ಮೇಲಕ್ಕೊತ್ತಿದಳು.

ಬಾಗಿಲಲ್ಲಿ ಜೋತಿದ್ದ ತಿಮ್ಮಣ್ಣ ಕುತೂಹಲದಿಂದ ಬಗ್ಗಿದ. "ಎಂತಕ್ಕಾ ಅದು ಕೊಟ್ಟಿದ್ದು?"

"ಔಷಧಿ," ಎಂದಳು ಶೇಷಮ್ಮ. "ಹೆಸರು ಕೇಳಬೇಡ, ಗುಣ ಹೋಗ್ತದೆ."

ತಿಮ್ಮಣ್ಣ ರೈಟ್ ಹೇಳಿದ. ಬಸ್ಸು ಹೊಸನಗರದ ಕಡೆಗೆ ಹೊರಟಿತು. ಹೂವಪ್ಪ ಅದು ತಿರುವು ದಾಟುವವರೆಗೂ, ಮುಖದ ತುಂಬ ಸಂತೋಷ ತುಂಬಿಕೊಂಡು, ಒಂದು ಮಾತೂ ಆಡದೆ ಕೈ ಬೀಸುತ್ತ ನಿಂತಿದ್ದ.